ಅತ್ತೆಗೆ, ಮತ್ತೆ ನಮ್ಮವರೆಲ್ಲರಿಗೂ

ಮೊನ್ನೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನನ್ನ ಪಿಎಚ್‌ಡಿಯ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಆರು ವರ್ಷ ತಾಳ್ಮೆಯಿಂದ ತಿದ್ದಿದ ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಲೈಬ್ರರಿಯ ಅಣ್ಣಂದಿರಿಗೆ, ರಾತ್ರಿಯೆಲ್ಲ ಟೈಪ್ ಮಾಡಿಕೊಟ್ಟ ತಂಗಿಗೆ ನಾನು ಋಣಿ.

ಆದರೆ ಒಂದು ರಾತ್ರಿಯ ವಿಷಯ ಬರೆಯಲೇಬೇಕು. ಬರಿ ಅಂತ ಅತ್ತೆಯೇ ಹೇಳಿದ್ದಾರೆ.

ಅವತ್ತು ಸೆಮಿನಾರಿನಲ್ಲಿ ಮಾತು ಮುಗಿಸಿ ಇಳಿಯುವಾಗ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿತ್ತು. 'ಓದು ರಕ್ತದಲ್ಲೇ ಬರಬೇಕು, ಇವರಿಗೆಲ್ಲಿಂದ ಬರುತ್ತೆ?' ಜಾತಿಗೂ ಜೀನಿಗೂ ಇರುವ ನಂಟನ್ನೇ ಓದುತ್ತಿದ್ದ ನನಗೆ ಉತ್ತರ ಗೊತ್ತಿತ್ತು. ಬಾಯಿ ಏಳಲಿಲ್ಲ. ಪಡುವಾರಹಳ್ಳಿಯ ರೂಮಿಗೆ ಬಂದು, 'ಎಲ್ಲ ಬಿಟ್ಟು ಊರಿಗೆ ಬರ್ತೀನಿ' ಅಂತ ಅತ್ತೆಗೆ ಫೋನ್ ಮಾಡಿದೆ. ರಾತ್ರಿ 10ಕ್ಕೆ ಮಂಡ್ಯದಿಂದ ಬಂದು ಬಾಗಿಲು ಬಡಿದರು. ಕೈಯಲ್ಲಿ ಉಪ್ಸಾರಿನ ಡಬ್ಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮುದ್ದೆ.

ಉಂಡ ಮೇಲೆ, 'ಅದೇನ್ ಬರ್ದಿದ್ದೀಯೋ ಓದು ಮಗಾ' ಅಂದರು. ಓದಿದೆ. ಬ್ರಿಟಿಷರ ಕಾಲದಲ್ಲಿ ರಿಸ್ಲಿ ಎಂಬ ಅಧಿಕಾರಿ ಮೂಗಿನ ಅಳತೆ ಹಿಡಿದು ಜಾತಿಗಳನ್ನು ಮೇಲೆ ಕೆಳಗೆ ಜೋಡಿಸಿದ ಕಡೆ ತಡೆದರು. 'ಮೂಗ್ ನೋಡಿ ಮನ್ಸನ್ನ ಅಳೆಯಕಾಯ್ತದಾ?' ಮನುಷ್ಯರ ಜೀನ್ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಗುಂಪಿನ ಒಳಗೇ ಇದೆ ಎಂದು 1972ರಲ್ಲಿ ಲೆವಾಂಟಿನ್ ಎಂಬ ಜೀನ್ ವಿಜ್ಞಾನಿ ತೋರಿಸಿದ್ದನ್ನು ಎರಡು ಸಲ ಓದಿಸಿದರು. ಒಳಮದುವೆಯೇ, ಅಂದರೆ ತಮ್ಮ ಗುಂಪಿನೊಳಗೇ ಮದುವೆಯಾಗುವುದೇ, ಜಾತಿಯ ಬೇರು ಎಂದು ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೇಳಿದ್ದು 1916ರಲ್ಲಿ. ನಮ್ಮ ವಿಶ್ವವಿದ್ಯಾಲಯ ಹುಟ್ಟಿದ ವರ್ಷ ಅಲ್ವಾ ಅದು! 2013ರಲ್ಲಿ ಡಿಎನ್‌ಎ ಓದಿದವರಿಗೂ ಆ ಗುರುತು ಸಿಕ್ಕಿತು. ಸುಮಾರು 4,200 ವರ್ಷದ ಹಿಂದಿನಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದ ಜನ ಬೆರೆತಿದ್ದರು. ಆಮೇಲೆ ಬೇಲಿ ಹಾಕಿಕೊಂಡರು. ಬೇಲಿಯೊಳಗೇ, ಅದರಲ್ಲೂ ಹತ್ತಿರದ ನೆಂಟರಲ್ಲೇ ಮದುವೆಯಾದರೆ ಅಡಗಿದ್ದ ಕಾಯಿಲೆಯ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬರುವುದು ಜಾಸ್ತಿ.

ಅಲ್ಲಿ ಅತ್ತೆ, 'ನಿಲ್ಸು' ಅಂದರು.

ಅವರನ್ನು ಕೊಟ್ಟಿದ್ದು ಸೋದರಮಾವನಿಗೇ. ತೊಟ್ಟಿಲು ಎರಡು ಸಲ ಕಟ್ಟಿ ಎರಡು ಸಲ ಬಿಚ್ಚಿದ್ದು ನಮ್ಮವರಿಗೆಲ್ಲ ಗೊತ್ತು. ಊರು ಅವರ ಹಣೆಬರಹ ಸರಿಯಿಲ್ಲ ಅಂದಿತ್ತು.

'ಹಂಗಾರೆ ತಪ್ಪು ನಂದಲ್ವಾ ಮಗಾ?'

ಮೂವತ್ತು ವರ್ಷ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನಿಂದಲ್ಲ ಅತ್ತೆ, ಯಾವತ್ತೂ ನಿಂದಲ್ಲ ಅಂದೆ. ಇಬ್ಬರಿಗೂ ಅಳು ತಡೆಯಲಿಲ್ಲ.

ಬೆಳಗಿನ ಜಾವ ಅವರು ಚಾಪೆಯ ಮೇಲೆ ಮಲಗಿದರು. ನಾನು ಮತ್ತೆ ಆ ಅಧ್ಯಾಯ ತೆಗೆದೆ. 'ಸಮುದಾಯದ ದೋಷ' ಎಂದು ನಾನೇ ಬರೆದಿದ್ದೆ. ಆ ಸಾಲು ಹೊಡೆದು ಹಾಕಿದೆ. 'ಮದುವೆಯ ಕಟ್ಟುಪಾಡಿನ ಪರಿಣಾಮ' ಎಂದು ಬರೆದೆ.

ಅತ್ತೆ, ಭಾನುವಾರ ಬರ್ತೀನಿ. ಅವತ್ತು ನಿಲ್ಲಿಸಿದ ಜಾಗದಿಂದ ಓದೋಣ.