ಸತ್ತ ಮಂಗನ ಸುದ್ದಿ ಮೊದಲು ಯಾರಿಗೆ ಮುಟ್ಟಬೇಕು?

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೆ,

ಸಿದ್ದಾಪುರ, ಶಿರಸಿ, ಹೊನ್ನಾವರದ ಕಡೆ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. ಮಳೆ ನಿಂತ ಮೇಲೆ ಕಚ್ಚಿ ಈ ರೋಗದ ವೈರಸ್ ಹರಡುವ, ಗಸಗಸೆಯಷ್ಟು ಸಣ್ಣ ಉಣುಗಿನ ಮರಿಗಳು ಆ ಒಣ ಎಲೆಯಲ್ಲೇ ಕೂತಿರುತ್ತವೆ, ಮೇ ತನಕ ಅವುಗಳದ್ದೇ ರಾಜ್ಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ ಇದು. ಆದರೂ ನಮ್ಮಲ್ಲಿ ಸಮನ್ವಯ ಸಭೆ ಸೇರುವುದು ಜನರಿಗೆ ಜ್ವರ ಬಂದ ಮೇಲೆ.

ಜ್ವರಕ್ಕಿಂತ ಮೊದಲೇ ಮುನ್ಸೂಚನೆ ಸಿಗುತ್ತದೆ, ಮಂಗ ಸಾಯುತ್ತದೆ. ಆ ಒಂದು ಹೆಣಕ್ಕೆ ಎಷ್ಟು ಒಡೆಯರು ನೋಡಿ. ವನ್ಯಜೀವಿಯಾದ್ದರಿಂದ ಅದು ಅರಣ್ಯ ಇಲಾಖೆಯದ್ದು. ಕೊಯ್ದು ಮಾದರಿ ತೆಗೆಯುವುದು ಪಶುವೈದ್ಯರ ಕೆಲಸ. ಸುತ್ತ 50 ಅಡಿ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವುದು ಆರೋಗ್ಯ ಇಲಾಖೆ ಮತ್ತು ಪಂಚಾಯಿತಿಯ ಪಾಲು. ಪುಡಿ ಒಂದು ಕಡೆ, ಕೈಗವಸು ಇನ್ನೊಂದು ಕಡೆ, ಜೀಪು ಮತ್ತೊಂದು ಕಡೆ. ಒಬ್ಬರು ಮತ್ತೊಬ್ಬರ ಪತ್ರಕ್ಕೆ ಕಾಯುವಷ್ಟರಲ್ಲಿ ಹೆಣ ಕೊಳೆಯುತ್ತದೆ, ಮಾದರಿ ಪರೀಕ್ಷೆಗೆ ಬಾರದು, ಕಡತದಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದು ಮುಗಿಸುತ್ತಾರೆ. ಅತ್ತ ಮಂಗನ ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ದರಕಿನಲ್ಲಿ ಚದುರಿರುತ್ತವೆ. ಹೆಣ ಸುಟ್ಟರೂ ಅವು ಸಾಯುವುದಿಲ್ಲ. ಹಾಗಾಗಿ ಪ್ರಯೋಗಾಲಯದ ವರದಿಗೆ ಕಾದು ಪುಡಿ ಎರಚುವುದು ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ನಾವು ಕೇಳುವುದು ಒಂದು ಸುತ್ತೋಲೆ. ಮೊದಲು ತಲುಪಿದವರು, ಅವರು ಯಾವ ಇಲಾಖೆಯವರೇ ಆಗಲಿ, ಫೋಟೊ ತೆಗೆದು, ಜಾಗ ಗುರುತಿಸಿ, ಜನ ದನ ಹೋಗದಂತೆ ತಡೆದು ಪುಡಿ ಎರಚಲಿ. ಪಶುವೈದ್ಯರಿಗೆ ಕೊಯ್ಯುವ ಕೆಲಸ ಮಾತ್ರ ಉಳಿಯಲಿ. ಪುಡಿ, ಕೈಗವಸು, ಗಮ್‌ಬೂಟು ಅಕ್ಟೋಬರಿನಲ್ಲೇ ಪಂಚಾಯಿತಿ ಕಚೇರಿಗೆ ಬಂದು ಕೂರಲಿ. ಹೆಣ ಸಿಕ್ಕ ದಿನವೇ ಸುದ್ದಿ ಆಶಾ ಕಾರ್ಯಕರ್ತೆಗೂ ಪಕ್ಕದ ಜಿಲ್ಲೆಗೂ ಹೋಗಲಿ. ಸಾಗರ ತಾಲೂಕಿನ ಅರಳಗೋಡಿಗೂ ಸಿದ್ದಾಪುರಕ್ಕೂ ನಡುವೆ ಜಿಲ್ಲೆಯ ಗಡಿ ಇರುವುದು ನಕ್ಷೆಯಲ್ಲಿ, ಮಂಗಗಳಿಗಲ್ಲ.

ದನಗಳ ವಿಷಯ. ಉಣುಗು ಸಾಯಲೆಂದು ದನದ ಬೆನ್ನಿನ ಮೇಲೆ ಹೊಯ್ಯುವ ಒಂದು ಶೇಕಡಾ ಫ್ಲುಮೆಥ್ರಿನ್ ಔಷಧಿ 10 ಕೆ.ಜಿ. ತೂಕಕ್ಕೆ 1 ಮಿ.ಲೀ. ಬೇಕು. 120 ಕೆ.ಜಿ.ಯ ಮಲೆನಾಡು ಗಿಡ್ಡ ತಳಿಯ ದನಕ್ಕೆ 12 ಮಿ.ಲೀ. ಆಯಿತು. ಕಣ್ಣಂದಾಜಿನಲ್ಲಿ ನಾಲ್ಕು ಹನಿ ಸುರಿದರೆ ಔಷಧಿಯೂ ದಂಡ, ಶ್ರಮವೂ ದಂಡ. ಊರಿನ ಎಲ್ಲ ಕೊಟ್ಟಿಗೆಗೂ ಒಂದೇ ವಾರದಲ್ಲಿ ಆಗಬೇಕು, ಬಿಟ್ಟುಹೋದ ಮನೆಯ ದನ ಬೆಟ್ಟಕ್ಕೆ ಹೋಗಿ ಮತ್ತೆ ಹೊತ್ತು ತರುತ್ತದೆ.

ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದೆ ಸರ್ಕಾರವೇ ಅದನ್ನು ಕೈಬಿಟ್ಟಿದೆ. ಹೊಸದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ಬರಬೇಕಿದೆ. ಅದರ ಬೆನ್ನು ಹತ್ತುವುದು ರಾಜ್ಯದ ಕೆಲಸ, ಪಂಚಾಯಿತಿಯ ಕೈಲಿಲ್ಲ. ಅಲ್ಲಿಯವರೆಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯೇ ಗತಿ. ಬೆವರಿಗೆ ಅದು ಹೋಗುತ್ತದೆ, ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಸಾಲದು. ಬಾಟಲಿ ಕೊಟ್ಟು ಸಹಿ ಹಾಕಿಸಿಕೊಳ್ಳುವವರು ಇದನ್ನೂ ಹೇಳಬೇಕು. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು; ತೊಟ್ಟ ಬಟ್ಟೆಯೂ ಬಿಸಿನೀರಿಗೆ.

ಜ್ವರ ಬಂದವರ ರಕ್ತ ಮೊದಲ ದಿನಗಳಲ್ಲೇ ವೈರಸ್ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಹೋಗಬೇಕು, ಐಸ್ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯೊಳಗೆ. ವಾರ ಕಳೆದರೆ ರಕ್ತದಲ್ಲಿ ವೈರಸ್ ಸಿಗುವುದು ಕಷ್ಟ, ಆಗ ರಕ್ತದಲ್ಲಿನ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆಯನ್ನೇ ನಂಬಬೇಕು. ಜ್ವರ ಇಳಿಯಿತು ಎಂದು ಆಶಾ ಕಾರ್ಯಕರ್ತೆ ಹೆಸರು ಹೊಡೆದುಹಾಕುವಂತಿಲ್ಲ: ಒಂದೆರಡು ವಾರ ಬಿಟ್ಟು ಕೆಲವರಿಗೆ ಜ್ವರ ಮರುಕಳಿಸಿ, ತಲೆನೋವು, ನಡುಕ, ಕತ್ತು ಬಿಗಿತ ಶುರುವಾಗುತ್ತದೆ. ರಕ್ತಸ್ರಾವದ ಭಯವಿರುವ ಕಾರಣ ಆಸ್ಪಿರಿನ್‌ನಂಥ ನೋವಿನ ಗುಳಿಗೆ ಬೇಡ, ಪ್ಯಾರಾಸಿಟಮಾಲ್ ಸಾಕು. ಇದು ಪೇಟೆಯ ಔಷಧಿ ಅಂಗಡಿಗೂ ಗೊತ್ತಿರಬೇಕು. ಮಣಿಪಾಲದ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ಖರ್ಚು ಯಾರದು ಎಂಬ ಆದೇಶ ಆಂಬುಲೆನ್ಸ್ ಹೊರಡುವ ಮೊದಲೇ ಅಲ್ಲಿನ ಕೌಂಟರಿನಲ್ಲಿರಲಿ. ರಾತ್ರಿ ಎರಡಕ್ಕೆ ರೇಷನ್ ಕಾರ್ಡ್ ಹುಡುಕುವ ಪಾಡು ಯಾರಿಗೂ ಬೇಡ.

ಅಕ್ಟೋಬರ್ ಮೊದಲ ವಾರದಲ್ಲಿ ಸಭೆ ಕರೆಯಿರಿ. ಅರಣ್ಯ ಇಲಾಖೆಯ ಡಿಎಫ್‌ಒ, ತಾಲೂಕು ಆರೋಗ್ಯಾಧಿಕಾರಿ, ಪಶುವೈದ್ಯರು, ಪಂಚಾಯಿತಿಯ ಪಿಡಿಒಗಳು ಒಂದೇ ಮೇಜಿಗೆ ಬರಲಿ, ಶಿವಮೊಗ್ಗದವರೂ ಇರಲಿ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಒಂದು ಹೆಸರು, ಒಂದು ಫೋನ್ ನಂಬರ್ ಬರೆಸಿ.

ಇಂತಿ,
ಘಟ್ಟದ ಪಂಚಾಯಿತಿಗಳಲ್ಲಿ ಮಂಗನ ಕಾಯಿಲೆ ತಡೆಯುವ ಕೆಲಸದಲ್ಲಿರುವವರು