ಕೋರ್ ಬಾಕ್ಸಿಗೊಂದು ಸೂರು ಕೊಡಿ: ರಾಜ್ಯದ ಗಣಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನೆಲ ಡ್ರಿಲ್ ಮಾಡಿ ತೆಗೆದ ಕೋರ್ (ಉದ್ದನೆಯ ದುಂಡು ಕಲ್ಲಿನ ತುಂಡು) ಕಾಪಾಡಬೇಕೆಂಬ ನಿಯಮವನ್ನು ತಮಗೆ ಹೇಳಿಕೊಡಬೇಕಾಗಿಲ್ಲ. ನಡೆಯುತ್ತಿರುವುದನ್ನಷ್ಟೇ ಹೇಳುತ್ತೇವೆ.

ಹಳೆಯ ಕ್ಯಾಂಪೊಂದರಲ್ಲಿ (ಹೆಸರು ಬೇಡ, ತಮ್ಮವರಿಗೆ ಗೊತ್ತಾಗುತ್ತದೆ) ಕೋರ್ ಜೋಡಿಸಿಟ್ಟಿದ್ದ ಬಾಕ್ಸಿನ ಮರ ಒಲೆಗೆ ಹೋಯಿತು, ಕೋರ್ ರಸ್ತೆಯ ಗುಂಡಿಗೆ ಹೋಯಿತು. ಜೊತೆಗೆ ಯಾವ ಕೋರ್ ಎಷ್ಟು ಆಳದ್ದೆಂದು ಬರೆದಿಟ್ಟ ಗುರುತಿನ ತುಂಡುಗಳೂ ಹೋದವು. ಆಳ ಗೊತ್ತಿಲ್ಲದ ಕೋರ್ ಬರೀ ಜಲ್ಲಿ. 47.6 ಮಿಲಿಮೀಟರ್ ದಪ್ಪದ ಎನ್‌ಕ್ಯೂ ಅಳತೆಯ ಕೋರನ್ನು ವಜ್ರದ ಗರಗಸದಲ್ಲಿ ಸೀಳಿ, ಅರ್ಧ ಲ್ಯಾಬಿಗೆ ಕಳಿಸಿ, ಇನ್ನರ್ಧ ಇಟ್ಟುಕೊಳ್ಳುವುದು ಮುಂದೆ ಬೇರೆ ಪ್ರಶ್ನೆ ಎದ್ದಾಗ ಬೇಕೆಂದು. ಗುಂಡಿ ಮುಚ್ಚಲಿಕ್ಕಲ್ಲ. ಆ ಗುಂಡಿಯೂ ಮುಂದಿನ ಮಳೆಗೇ ಬಾಯಿ ಬಿಟ್ಟಿತು, ಅದಿರಲಿ.

ಬೇರೆ ಪ್ರಶ್ನೆ ಈಗ ಎದ್ದಿದೆ. 2023ರಲ್ಲಿ ಕೇಂದ್ರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳಲ್ಲಿ ಟಂಗ್‌ಸ್ಟನ್, ಲಿಥಿಯಂ, ಟೆಲ್ಯೂರಿಯಂ ಇವೆ. ಚಿನ್ನಕ್ಕೆಂದು ಕೊರೆದ ಕೋರಿಗೆ ಫೈರ್ ಅಸ್ಸೇ (ಕುಲುಮೆಯಲ್ಲಿ ಕರಗಿಸಿ ಮಾಡುವ ಪರೀಕ್ಷೆ) ಮಾಡಿಸಿದರೆ ಚಿನ್ನದ ಲೆಕ್ಕ ಬರುತ್ತದೆ, ಟಂಗ್‌ಸ್ಟನ್ನಿನದ್ದಲ್ಲ. ಕೋಲಾರದ ಅದಿರಿನಲ್ಲಿ ಟಂಗ್‌ಸ್ಟನ್ನಿನ ಖನಿಜವಾದ ಷೀಲೈಟ್ ಇರುವುದು ಹಳೇ ಸುದ್ದಿ. ಅದನ್ನು ಹುಡುಕಲು ಮೊದಲಿಗೆ ಬೇಕಾದದ್ದು ಕತ್ತಲ ಕೋಣೆ, 254 ನ್ಯಾನೊಮೀಟರಿನ ನೇರಳಾತೀತ ದೀಪ, ಕಣ್ಣಿಗೆ ಕನ್ನಡಕ, ಅಷ್ಟೇ. ಷೀಲೈಟ್ ತಿಳಿನೀಲಿಯಾಗಿ ಹೊಳೆಯುತ್ತದೆ, ಮಾಲಿಬ್ಡಿನಂ ಬೆರೆತಿದ್ದರೆ ಹಳದಿಗೆ ತಿರುಗುತ್ತದೆ. ಅಗ್ಗಕ್ಕೆ ಸಿಗುವ 365ರ ಟಾರ್ಚ್ ತರಬೇಡಿ, ಷೀಲೈಟ್ ಅದಕ್ಕೆ ಹೊಳೆಯುವುದಿಲ್ಲ. ಕ್ಯಾಲ್ಸೈಟೂ ಹೊಳೆದು ಮೋಸ ಮಾಡುವುದುಂಟು, ಆದ್ದರಿಂದ ಹೊಳೆದಲ್ಲೆಲ್ಲ ಸ್ಯಾಂಪಲ್ ತೆಗೆಯಲೇಬೇಕು. ಅದನ್ನು ಬರೀ ಆಸಿಡ್ಡಿನಲ್ಲಿ ಕರಗಿಸಿದರೆ ಟಂಗ್‌ಸ್ಟನ್ ಪೂರ್ತಿ ಬಿಡದೆ ಅಂಕಿ ಕಡಿಮೆ ಬರುತ್ತದೆ, ಫ್ಯೂಷನ್ (ರಾಸಾಯನಿಕ ಬೆರೆಸಿ ಕಾಯಿಸಿ ಕರಗಿಸುವುದು) ಮಾಡಿಸಬೇಕು. ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಲ್ಲಿರುವ ಲಿಥಿಯಂ ಖನಿಜ ಸ್ಪೊಡ್ಯುಮಿನಿಗೂ ಸೋಡಿಯಂ ಪೆರಾಕ್ಸೈಡ್ ಫ್ಯೂಷನ್ನೇ ಸರಿ.

ಇಷ್ಟೆಲ್ಲ ಮಾಡಲು ಕೋರ್ ಇರಬೇಕಲ್ಲ, ಸ್ವಾಮಿ! ಮಂಡ್ಯದ ಮಾರ್ಲಗಲ್ಲ-ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ ಎಂದಾಗ ಎಂಥಾ ಸಂಭ್ರಮ. ಅದು ಇನ್‌ಫರ್ಡ್ ದರ್ಜೆಯ, ಅಂದರೆ ಇನ್ನೂ ಖಚಿತವಾಗದ ಅಂದಾಜಿನ ಲೆಕ್ಕ. ಹತ್ತಿರ ಹತ್ತಿರ ಕೊರೆದು, ಕೋರನ್ನು ಮತ್ತೆ ಮತ್ತೆ ಓದಿದ ಮೇಲಷ್ಟೇ ಅದು ಗಟ್ಟಿಯಾಗುವುದು.

ನಾವು ಕೇಳುವುದು ಒಂದು ಸೂರು. ಉಕ್ಕಿನ ರ‍್ಯಾಕ್, ಗೆದ್ದಲು ಹತ್ತದ ಪ್ಲಾಸ್ಟಿಕ್ ಬಾಕ್ಸ್, ಅಲ್ಯೂಮಿನಿಯಂ ಪಟ್ಟಿಯಲ್ಲಿ ಒತ್ತಿದ ಬೋರ್‌ಹೋಲ್ ಸಂಖ್ಯೆ ಮತ್ತು ಆಳ. ಮಾರ್ಕರ್ ಪೆನ್ನಿನ ಬರಹ ಬಿಸಿಲಿಗೆ ಅಳಿಸಿಹೋಗುತ್ತದೆ. ಬಾಕ್ಸಿಗೆ 5 ಮೀಟರಿನಂತೆ 1,000 ಮೀಟರ್ ಕೋರಿಗೆ 200 ಬಾಕ್ಸ್ ಸಾಕು. ಮಳೆಗೆ ಬಿಟ್ಟರೆ ಪೈರೈಟ್ ತುಕ್ಕಾಗಿ ಆಮ್ಲ ಬಿಡುತ್ತದೆ, ಕೋರ್ ಪುಡಿಯಾಗುತ್ತದೆ. ಅದೇ ಕಲ್ಲಿಗೆ ಮತ್ತೆ ಡ್ರಿಲ್ಲಿಂಗ್ ಟೆಂಡರ್ ಕರೆಯುವ ಉತ್ಸಾಹ ತಮ್ಮ ಕಚೇರಿಗಿರಬಹುದು, ಬೊಕ್ಕಸಕ್ಕಿಲ್ಲ.

ಮನವಿ ಕೊಟ್ಟಾಗಲೆಲ್ಲ ಬಂದ ಉತ್ತರ "ಪರಿಶೀಲನೆಯಲ್ಲಿದೆ". ಪರಿಶೀಲನೆ ಮುಗಿಯುವ ಹೊತ್ತಿಗೆ ಪರಿಶೀಲಿಸಲು ಕಲ್ಲಿರುವುದಿಲ್ಲ. ಈ ಮಳೆಗಾಲಕ್ಕೆ ಮುಂಚೆ ಸೂರು ಕೊಡಿ. ಅದಾಗದಿದ್ದರೆ ಟಾರ್ಪಾಲಾದರೂ ಹೊದಿಸಿ, ಕೋರ್ ಎಸೆಯಬಾರದೆಂದು ಒಂದು ಸುತ್ತೋಲೆಗೆ ಸಹಿ ಹಾಕಿ.

ಇಂತಿ,
ಕೋರ್ ಲಾಗಿಂಗ್ (ಕೋರ್ ಓದಿ ದಾಖಲಿಸುವ ಕೆಲಸ) ಮಾಡುವ ಭೂವಿಜ್ಞಾನಿಗಳು