ಪ್ರೂಫ್ ಹುಡುಕೋದು ನಿನ್ ಕೆಲ್ಸ ಅಲ್ಲ ಕಣೇ

ಪುಟ್ಟಿ,

ರಾತ್ರಿ ನೀನ್ ಕಳಿಸಿದ್ ಮೆಸೇಜನ್ನ ಮೂರ್ ಸಲ ಓದ್ದೆ. ಶಿಬಿರದಲ್ಲಿ ಎಲ್ಲಾ ಮಕ್ಳು ಮಲಗಿದ್ರೂ ಆ ಹುಡುಗ ಬಾಗಿಲ ಹತ್ರನೇ ಕೂತಿರ್ತಾನೆ, ಆ ಮೇಷ್ಟ್ರು ಕಾರಿಡಾರಲ್ಲಿ ಬಂದ್ರೆ ಉಗುರು ಕಚ್ಚೋದೂ ನಿಲ್ಸಿ ಕಲ್ಲಾಗಿಬಿಡ್ತಾನೆ ಅಂತ ಬರ್ದಿದ್ಯಲ್ಲ, ಆಮೇಲೆ ನಂಗೆ ನಿದ್ದೆ ಹತ್ಲಿಲ್ಲ. ಕೊನೇಲಿ "ನಾನೇ ಜಾಸ್ತಿ ಯೋಚ್ನೆ ಮಾಡ್ತಿದೀನೇನೋ ದೊಡ್ಡಮ್ಮ, ನನ್ ಹತ್ರ ಪ್ರೂಫ್ ಇಲ್ಲ" ಅಂದಿದೀಯ. ಪ್ರೂಫ್ ಹುಡುಕೋಕೆ ಪೊಲೀಸ್ರಿದಾರೆ, ಮಕ್ಕಳ ರಕ್ಷಣೆ ನೋಡ್ಕೊಳೋ ಅಧಿಕಾರಿಗಳಿದಾರೆ. ಮಕ್ಳ ಮೇಲೆ ದೌರ್ಜನ್ಯ ಆಗ್ತಿದೆ ಅನ್ಸಿದ್ರೆ ರಿಪೋರ್ಟ್ ಮಾಡ್ಲೇಬೇಕು ಅನ್ನೋ ಕಾನೂನಿರೋ ಕಡೆ ಸಾಮಾನ್ಯವಾಗಿ ರಿಪೋರ್ಟ್ ಮಾಡೋಕೆ ಕಾರಣ ಇರೋ ಅನುಮಾನ ಸಾಕು, ಆಮೇಲೆ ಏನೂ ಇಲ್ಲ ಅಂತ ಗೊತ್ತಾದ್ರೂ ಒಳ್ಳೇ ಮನಸ್ಸಿಂದ ಹೇಳ್ದೋರಿಗೆ ರಕ್ಷಣೆ ಇರುತ್ತೆ.

ಇಷ್ಟು ದಿನ ಯಾರಿಗೂ ಹೇಳ್ದೇ ಇದ್ದಿದ್ದೊಂದು ಹೇಳ್ತೀನಿ. ನಿನ್ ವಯಸ್ಸಲ್ಲಿ ನಾನೂ ವಾರಕ್ಕೊಂದಿನ ಮಕ್ಳಿಗೆ ಪ್ರಾರ್ಥನೆ ಹೇಳ್ಕೊಡ್ತಿದ್ದೆ. ಒಂದ್ ಹುಡುಗಿ, ಒಂಬತ್ತೋ ಹತ್ತೋ ವರ್ಷ ಇರ್ಬೇಕು, ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕ್ಕೊಂಡೇ ಬರ್ತಿದ್ಲು. ಒಂದಿನ ಪುಸ್ತಕ ತಗೊಳೋಕೆ ಕೈ ಚಾಚಿದಾಗ ತೋಳು ಸರಿದು ಮಣಿಕಟ್ಟಿನ ಮೇಲೆ ನಾಲ್ಕ್ ಬೆರಳಿನ ನೀಲಿ ಗುರುತು ಕಾಣಿಸ್ತು, ಅವ್ಳು ತಟ್ಟಂತ ಎಳ್ಕೊಂಡ್ಲು. ಮುಖ್ಯಸ್ಥರಿಗೆ ಹೇಳ್ದೆ. "ನಾನ್ ವಿಚಾರಿಸ್ತೀನಮ್ಮ, ಹೊರಗಡೆ ಬಾಯ್ಬಿಡ್ಬೇಡ, ದೇವ್ರ ಕೆಲ್ಸಕ್ಕೆ ಕೆಟ್ಟ ಹೆಸ್ರು ಬರುತ್ತೆ" ಅಂದ್ರು. ಹೂಂ ಅಂದೆ. ಮುಂದಿನ ವಾರದಿಂದ ಆ ಹುಡುಗಿ ಬರ್ಲೇ ಇಲ್ಲ, ಏನಾದ್ಲೋ ಇವತ್ತಿಗೂ ಗೊತ್ತಿಲ್ಲ. ಮುಖ್ಯಸ್ಥರ ಕಿವಿಗೆ ಹಾಕಿದ್ದನ್ನೇ ರಿಪೋರ್ಟ್ ಮಾಡ್ದೆ ಅನ್ಕೊಂಡು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ ನೋಡು.

ಅದಕ್ಕೇ ಹೇಳೋದು, ಸಂಸ್ಥೆ ಒಳಗೆ ಹೇಳ್ಬೇಕು ಅಂತ ನಿಯಮ ಇದ್ರೆ ಹೇಳು, ಬೇಡ ಅನ್ನಲ್ಲ, ಆದ್ರೆ ಪೊಲೀಸ್ರಿಗೆ ಇಲ್ಲಾ ಮಕ್ಕಳ ಸಹಾಯವಾಣಿಗೆ ಫೋನ್ ಮಾಡೋದು ನೀನೇ, ಅವ್ರ ಪರ್ಮಿಷನ್ ಕಾಯ್ಬೇಡ. ಆ ಮೇಷ್ಟ್ರಿಗಂತೂ ಸುಳಿವೂ ಸಿಗ್ಬಾರ್ದು, ಮಗೂನ ಹೆದ್ರಿಸ್ತಾರೆ, ಫೋನಲ್ಲಿರೋದನ್ನ ಅಳಿಸ್ತಾರೆ.

ಹುಡುಗನ್ನ ಕೂರಿಸ್ಕೊಂಡು ವಿಚಾರಣೆ ಮಾಡೋಕ್ ಹೋಗ್ಬೇಡ. ಅವ್ನಾಗೇ ಏನಾದ್ರೂ ಹೇಳಿದ್ರೆ ಕೇಳಿಸ್ಕೋ. "ಅವ್ರು ನಿನ್ನ ಮುಟ್ಟಿದ್ರಾ?" ಅಂತ ನೀನೇ ಬಾಯಿಗೆ ಮಾತಿಟ್ರೆ ನಾಳೆ ಆ ಮಗು ಮಾತಿಗೇ ಬೆಲೆ ಕಮ್ಮಿ ಆಗುತ್ತೆ, "ಆಮೇಲೆ?" ಅನ್ನು, ಅಷ್ಟೇ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಆಣೆ ಕೊಡ್ಬೇಡ, ಮುರೀಲೇಬೇಕಾಗುತ್ತೆ. "ನಿನ್ ತಪ್ಪಿಲ್ಲ, ಸಹಾಯ ಮಾಡೋರಿಗೆ ಹೇಳ್ತೀನಿ" ಅನ್ನು. ಆಮೇಲೆ ಅವ್ನು ಯಾವ ಪದ ಬಳಸಿದ್ನೋ ಅದೇ ಪದ, ತಾರೀಕು, ಟೈಮು ಹಾಕಿ ಬರ್ದಿಡು, ತಿದ್ದಿ ಚಂದ ಮಾಡ್ಬೇಡ.

ಹೊಡೆಯೋದು, ಮುಟ್ಟೋದು ಮಾತ್ರ ಅಲ್ಲ ಮತ್ತೆ. ಶಿಸ್ತು ಅಂತ ಹೇಳಿ ಮಕ್ಳನ್ನ ಹಸಿವಲ್ಲಿಡೋದು, ಜ್ವರ ಬಂದ್ರೆ ಪ್ರಾರ್ಥನೆ ಸಾಕು ಅಂತ ಡಾಕ್ಟರ್ಗೆ ತೋರಿಸ್ದೇ ಇರೋದು, ಅದೂ ಹೇಳ್ಬೇಕಾದ್ದೇ.

ಆಸ್ಟ್ರೇಲಿಯಾದಲ್ಲಿ 2013ರಿಂದ 2017ರವರೆಗೆ ಒಂದು ರಾಯಲ್ ಕಮಿಷನ್, ಅಂದ್ರೆ ಸರ್ಕಾರ ನೇಮಿಸಿದ ತನಿಖಾ ಆಯೋಗ, ಸಂಸ್ಥೆಗಳಲ್ಲಿ ಮಕ್ಳ ಮೇಲಾದ ಲೈಂಗಿಕ ದೌರ್ಜನ್ಯ ವಿಚಾರಿಸ್ತು, ಚರ್ಚುಗಳದ್ದೂ ಸೇರಿ. ಚಿಕ್ಕವಯಸ್ಸಲ್ಲಿ ಅಂಥದ್ದು ಅನುಭವಿಸಿ ಅದ್ರ ಮುಂದೆ ಬಂದೋರು ಮೊದಲ ಸಲ ಬಾಯಿ ಬಿಡೋಕೆ ಸರಾಸರಿ 23.9 ವರ್ಷ ತಗೊಂಡಿದ್ರಂತೆ. ಪಾದ್ರಿಗೆ ಪಾಪನಿವೇದನೇಲಿ ಗೊತ್ತಾಗಿದ್ರೂ ರಿಪೋರ್ಟ್ ಮಾಡ್ಲೇಬೇಕು, ವಿನಾಯಿತಿ ಇಲ್ಲ ಅಂತ ಆ ಕಮಿಷನ್ ಶಿಫಾರಸು ಮಾಡ್ತು. ದೇವ್ರ ಹೆಸ್ರಿಗೆ ಕಳಂಕ ಅಂತಾರಲ್ಲ, ದೇವ್ರಿಗೇನೂ ಆಗಲ್ಲ, ಅವ್ನು ದೊಡ್ಡೋನು.

ಇದ್ ಓದಿದ್ ತಕ್ಷಣ ಮಾಡು, ಶಿಬಿರ ಮುಗೀಲಿ ಅಂತ ಕಾಯ್ಬೇಡ. ಇವತ್ ರಾತ್ರಿನೇ ಅವ್ನಿಗೆ ಏನಾದ್ರೂ ಆಗ್ಬೋದು ಅನ್ಸಿದ್ರೆ ಸೀದಾ ಎಮರ್ಜೆನ್ಸಿ ನಂಬರ್ಗೇ ಮಾಡು. ಮಾತಾಡ್ದೋರ ಹೆಸ್ರು, ದೂರಿನ ನಂಬರ್ ಬರ್ಕೋ, ಯಾರೂ ಬರ್ಲಿಲ್ಲ ಅಂದ್ರೆ ಮತ್ತೆ ಮಾಡು. ಕೈ ನಡುಗಿದ್ರೆ ನನ್ನನ್ನೂ ಫೋನ್ ಕಾಲ್ಗೆ ಸೇರಿಸ್ಕೋ, ಫೋನ್ ಪಕ್ಕದಲ್ಲೇ ಇಟ್ಕೊಂಡಿದೀನಿ.

ನಿನ್ನ
ದೊಡ್ಡಮ್ಮ